ಪಟ್ಟ ಬೇಡವೆನ್ನಲು ಒಂದು ಕಾನೂನು

1960ರ ನವೆಂಬರ್ 17ರಂದು ಬ್ರಿಟನ್ನಿನ ಲಾರ್ಡ್ ಸ್ಟ್ಯಾನ್ಸ್‌ಗೇಟ್ ತೀರಿಕೊಂಡರು. ಅವರ ವೈಕೌಂಟ್ ಪದವಿ ಮಗ ಆಂಥನಿ ವೆಜ್‌ವುಡ್ ಬೆನ್ ಪಾಲಿಗೆ ಬಂತು. ಅದರೊಂದಿಗೆ ಹತ್ತು ವರ್ಷಗಳ ಸಂಸದ ಸ್ಥಾನವೂ ಹೋಯಿತು. ವಂಶಪಾರಂಪರ್ಯ ಪದವಿ ಇದ್ದವರು, ಜನ ಆರಿಸುವ ಹೌಸ್ ಆಫ್ ಕಾಮನ್ಸ್‌ನಲ್ಲಿ ಕೂರುವಂತಿರಲಿಲ್ಲ. ಪದವಿ ಬೇಡ ಅನ್ನೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ.

ಪದವಿಯೇನೂ ಶತಮಾನಗಳ ಹಿಂದಿನದಲ್ಲ. ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಬ್ರಿಟನ್ನಿನಲ್ಲಿ ಭಾರತದ ಖಾತೆ ನೋಡಿಕೊಳ್ಳುತ್ತಿದ್ದ ಸಚಿವ, ಆಂಥನಿಯ ತಂದೆ ವಿಲಿಯಂ ವೆಜ್‌ವುಡ್ ಬೆನ್ನರಿಗೆ 1942ರಲ್ಲಿ ಸಿಕ್ಕಿದ್ದು. ಪಾದ್ರಿಯಾಗಬೇಕೆಂದಿದ್ದ ಹಿರಿಮಗ ಮೈಕೇಲ್‌ಗೆ ಅದರಿಂದ ತೊಡಕಿರಲಿಲ್ಲ. ಆದರೆ 1944ರಲ್ಲಿ ವಾಯುಪಡೆಯ ಸೇವೆಯಲ್ಲಿದ್ದಾಗಲೇ ಆತ ತೀರಿಕೊಂಡ. ರಾಜಕೀಯವನ್ನೇ ಉಸಿರಾಡುತ್ತಿದ್ದ ತಮ್ಮ ವಾರಸುದಾರನಾದ.

ಈ ಕಥೆಯಲ್ಲಿ ನನಗೆ ದೊಡ್ಡವರಾಗಿ ಕಾಣುವವರು ಬ್ರಿಸ್ಟಲ್ ಆಗ್ನೇಯ ಕ್ಷೇತ್ರದ ಮತದಾರರು. 1961ರ ಮೇ 4ರ ಉಪಚುನಾವಣೆಗೆ ಬೆನ್ ಮತ್ತೆ ನಿಂತರು. ಗೆದ್ದರೂ ಸದನದೊಳಗೆ ಬಿಡುವುದಿಲ್ಲ, ಹಾಕಿದ ಮತ ನೀರುಪಾಲಾಗಬಹುದು ಎಂಬುದು ಊರಿಗೆಲ್ಲ ಗೊತ್ತಿತ್ತು. ಆದರೂ ಅವರಿಗೆ ಬಿದ್ದದ್ದು 23,275 ಮತ, ಕನ್ಸರ್ವೇಟಿವ್ ಎದುರಾಳಿ ಮಾಲ್ಕಮ್ ಸೇಂಟ್ ಕ್ಲೇರ್‌ಗೆ 10,231. ಗೆದ್ದು ಬಂದವರನ್ನು ಸ್ಪೀಕರ್ ಆದೇಶದಂತೆ ದ್ವಾರಪಾಲಕ ಬಾಗಿಲಲ್ಲೇ ತಡೆದ. ಚುನಾವಣಾ ನ್ಯಾಯಾಲಯ ಸೋತವರನ್ನೇ ಸಂಸದರೆಂದು ಸಾರಿತು. ಕಾನೂನಿನ ಅಕ್ಷರಕ್ಕೆ ಅದು ಸರಿಯಿರಬಹುದು. ಇಪ್ಪತ್ತಮೂರು ಸಾವಿರ ಜನರ ತೀರ್ಮಾನಕ್ಕಿಂತ ಒಂದು ಮನೆತನದ ಹೆಸರು ಹೆಚ್ಚಾಯಿತೆಂಬ ಅನ್ಯಾಯ ಮಾತ್ರ ಆಗ ಯಾರ ಕಣ್ಣಿಗೂ ಮರೆಯಾಗಿ ಉಳಿಯಲಿಲ್ಲ.

ಎರಡು ವರ್ಷಗಳ ಹಗ್ಗಜಗ್ಗಾಟದ ನಂತರ, 1963ರ ಜುಲೈ 31ರ ಸಂಜೆ ಪಿಯರೇಜ್ ಕಾಯ್ದೆಗೆ ರಾಣಿಯ ಅಂಕಿತ ಬಿತ್ತು. 6 ಗಂಟೆ 22 ನಿಮಿಷಕ್ಕೆ ಬೆನ್ ಪದವಿ ಬಿಟ್ಟುಕೊಟ್ಟರು. ಸೇಂಟ್ ಕ್ಲೇರ್ ರಾಜೀನಾಮೆ ಕೊಟ್ಟು ದಾರಿ ಬಿಟ್ಟರು. ಆ ದೊಡ್ಡತನವನ್ನೂ ನೆನೆಯಬೇಕು. ಆಗಸ್ಟ್ 20ರ ಉಪಚುನಾವಣೆಯಲ್ಲಿ ಬೆನ್ ಗೆದ್ದು ಮರಳಿದರು.

ಲೇಬರ್ ಪಕ್ಷದ ಬೆನ್ನರ ಹೋರಾಟದ ಫಲ ಅದೇ ಅಕ್ಟೋಬರಿನಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೂ ದಕ್ಕಿತು. 14ನೆಯ ಅರ್ಲ್ ಆಫ್ ಹೋಮ್ ಪ್ರಧಾನಿಯಾಗಿ, ಇದೇ ಕಾಯ್ದೆಯಡಿ ಪದವಿ ತೊರೆದು ಕಾಮನ್ಸ್‌ಗೆ ಬಂದರು.

ಕಾಯ್ದೆ ಕೊಟ್ಟದ್ದು ಪದವಿಯನ್ನು ತನ್ನ ಜೀವಿತಾವಧಿಗೆ ಮಾತ್ರ ಬಿಡುವ ಹಕ್ಕು. ವಂಶದ ಹಕ್ಕನ್ನು ಅದು ಅಳಿಸಲಿಲ್ಲ. 2014ರಲ್ಲಿ ಬೆನ್ ತೀರಿಕೊಂಡಾಗ ಹಿರಿಮಗ ಸ್ಟೀಫನ್ ಮೂರನೆಯ ವೈಕೌಂಟ್ ಸ್ಟ್ಯಾನ್ಸ್‌ಗೇಟ್ ಆದರು. 2021ರಲ್ಲಿ ಮೇಲ್ಮನೆಯಾದ ಲಾರ್ಡ್ಸ್ ಸದನಕ್ಕೂ ಹೋದರು.