ಗುಜರಿಗೆ ಹಾಕುವ ಮುನ್ನ ಹಳೆ ಸ್ಪೀಕರಿಗೊಂದು ಪೆಟ್ಟಿಗೆ

ಮೆಟ್ಟುಪಾಳ್ಯಂ: ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ವಾಲ್ವ್ ರೇಡಿಯೋ ಇದೆಯೇ? ಪೆಟ್ಟಿಗೆಗೆ ಗೆದ್ದಲು ಹಿಡಿದಿದೆ ಅಂತ ಗುಜರಿಯವನನ್ನು ಕೂಗಬೇಡಿ. ಸ್ವಲ್ಪ ತಾಳಿ. ಒಳಗಿನ ಸ್ಪೀಕರ್ ಚೆನ್ನಾಗಿದ್ದರೆ ಹೊಸ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಬಹುದು.

ನೀಲಗಿರಿಯ ಬುಡದ ಈ ಊರಿಗೆ ಮರದ ನಂಟು ಹೊಸದಲ್ಲ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಇರುವುದು ಇಲ್ಲೇ. ತಮಿಳರು ಮಲೈವೇಂಬು ಅನ್ನುವ ನಮ್ಮ ಹೆಬ್ಬೇವು ರೈತರ ಹೊಲದಲ್ಲಿ ಬೆಳೆದು ಪ್ಲೈವುಡ್ ಆಗುತ್ತದೆ. ಸ್ಪೀಕರ್ ಪೆಟ್ಟಿಗೆಗೂ ಒಳ್ಳೆಯದು ಪ್ಲೈವುಡ್ಡೇ. ತೇಗ ಯಾಕೆ ಬೇಡ ಅಂತೀರಾ? ಅಗಲದ ಹಲಗೆ ಮಳೆಗಾಲಕ್ಕೆ ಹಿಗ್ಗಿ, ಬೇಸಿಗೆಗೆ ಕುಗ್ಗಿ ಸಂದು ಬಿಡುತ್ತದೆ. ಪ್ಲೈವುಡ್ಡಿನ ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರುವುದರಿಂದ ಅದು ಅಷ್ಟಾಗಿ ಅಲುಗದು. ಮರದ ಪುಡಿ ಒತ್ತಿದ ಅಗ್ಗದ ಹಲಗೆ ನೀರು ತಾಗಿದರೆ ಉಬ್ಬುತ್ತದೆ.

ಮೊದಲು ಪರೀಕ್ಷೆ

ವಾಲ್ವ್ ರೇಡಿಯೋದಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟು ಉಳಿದಿರುತ್ತದೆ. ಆದ್ದರಿಂದ ಸ್ಪೀಕರನ್ನು ಮೆಕ್ಯಾನಿಕ್ ಕೈಯಲ್ಲೇ ಬಿಚ್ಚಿಸಿ. ಬಿಚ್ಚಿದ ಸ್ಪೀಕರಿನ ಎರಡು ತುದಿಗೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ ಕ್ಷಣಕಾಲ ಮುಟ್ಟಿಸಿ. 'ಟಪ್' ಅಂದರೆ ಕಾಯಿಲ್ ಸರಿಯಿದೆ. ಕಾಗದದ ಕೋನನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಕರಕರ ಸದ್ದು ಬರಬಾರದು.

ಪೆಟ್ಟಿಗೆ ಯಾಕೆ?

ಕೋನು ಮುಂದೆ ಗಾಳಿಯನ್ನು ತಳ್ಳುವಾಗ ಹಿಂದೆ ಎಳೆಯುತ್ತದೆ. ಎರಡೂ ಸೇರಿದರೆ ತಗ್ಗು ಸ್ವರ ಒಂದನ್ನೊಂದು ಕೊಂದುಕೊಳ್ಳುತ್ತದೆ. ಬರೀ ಸ್ಪೀಕರಿನಲ್ಲಿ ಮೃದಂಗದ ಗುಂಕಾರ ಕೇಳದಿರುವುದಕ್ಕೆ ಇದೇ ಕಾರಣ. ಯಾವ ಸ್ಪೀಕರಿಗೆ ಎಷ್ಟು ದೊಡ್ಡ ಪೆಟ್ಟಿಗೆ ಎಂಬ ಲೆಕ್ಕವನ್ನು ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಮುಂದಿಟ್ಟರು. ಬಳಿಕ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು.

ಎಂಟು ಇಂಚಿನ ಸ್ಪೀಕರಿಗೆ ಒಳಅಳತೆ 16 ಇಂಚು ಎತ್ತರ, 12 ಅಗಲ, 9 ಆಳ ಇಟ್ಟುಕೊಂಡು ಶುರುಮಾಡಬಹುದು. ಅದು ಸರಿಯಾಗಿ ಒಂದು ಘನ ಅಡಿ. 18 ಮಿಲಿಮೀಟರ್ ದಪ್ಪದ 8×4 ಅಡಿ ಶೀಟು ಎರಡು ಪೆಟ್ಟಿಗೆಗೆ ಧಾರಾಳ. ಮೂಲೆಗಳಿಗೆ ಒಳಗಿಂದ ರೀಪು ಕೊಟ್ಟು, ಅಂಟು ಹಚ್ಚಿ ಸ್ಕ್ರೂ ಬಿಗಿಯಿರಿ. ಹಿಂಬದಿಯ ಹಲಗೆಗೆ ಮಾತ್ರ ಅಂಟು ಬೇಡ, ಸ್ಕ್ರೂ ಸಾಕು. ಒಳಗೋಡೆಗೆ ಬೂರುಗದ ಹತ್ತಿ, ಅಂದ್ರೆ ಇಲ್ಲಿನವರ ಇಲವಂ ಪಂಜು, ತೆಳುವಾಗಿ ಬಟ್ಟೆಯಲ್ಲಿ ಹೊಲಿದು ಹಾಸಿ.

ಒಂದು ಗುಟ್ಟು ನೆನಪಿರಲಿ. ರೇಡಿಯೋದಿಂದ ತೆಗೆದ ಸ್ಪೀಕರುಗಳು ಹೆಚ್ಚಾಗಿ ಬೆನ್ನು ತೆರೆದ ಪೆಟ್ಟಿಗೆಯಲ್ಲೇ ಬಾಳಿದವು. ಪೂರ್ತಿ ಮುಚ್ಚಿದರೆ ಕೆಲವು ಉಸಿರು ಕಟ್ಟಿದ ಹಾಗೆ ಹಾಡುತ್ತವೆ. ಹಿಂದಿನ ಹಲಗೆ ಹಾಕಿಯೂ ಕೇಳಿ, ತೆಗೆದೂ ಕೇಳಿ, ಆಮೇಲೆ ತೀರ್ಮಾನಿಸಿ. ಇವು ಕೆಲವೇ ವಾಟು ತಾಳುವಂಥವು. ಓಮ್ ನೋಡದೆ ದೊಡ್ಡ ಆಂಪ್ಲಿಫೈಯರಿಗೆ ಜೋಡಿಸಿದರೆ ಕಾಯಿಲ್ ಸುಟ್ಟೀತು.

ಗುಜರಿಯವನ ತಕ್ಕಡಿಗೆ ಅದು ಬರೀ ಕಬ್ಬಿಣ. ಪೆಟ್ಟಿಗೆ ಕಟ್ಟಿದರೆ, ಅಜ್ಜ ವಾರ್ತೆ ಕೇಳಿದ ಅದೇ ಕೋನಿನಲ್ಲಿ ಮೊಮ್ಮಗ ಹಾಡು ಕೇಳಬಹುದು.