ಕೇಂದ್ರವೂ ರಾಜ್ಯಗಳೂ: ಅಧಿಕಾರದ ಹಂಚಿಕೆ

ಬಾನುಲಿಯಲ್ಲಿ ರಾಜ್ಯಾಂಗದ ವಿಚಾರವನ್ನು ಮಾತನಾಡುವಾಗ ಬಾನುಲಿಯ ಕಥೆಯಿಂದಲೇ ಆರಂಭಿಸುವುದು ಉಚಿತವೆಂದು ತೋರುತ್ತದೆ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸ್ಥಾಪಿಸಿದ ಆಕಾಶವಾಣಿಯು ಕೆಲವು ವರ್ಷಗಳ ತರುವಾಯ ಸಂಸ್ಥಾನದ ಆಡಳಿತಕ್ಕೆ ಸೇರಿತು. 1950ರಲ್ಲಿ ಭಾರತ ಸರ್ಕಾರದ ವಶವಾಯಿತು. ನಿಲಯ ಅದೇ, ಭಾಷೆ ಅದೇ, ಕೇಳುವವರೂ ಅವರೇ. ಆದರೆ ಅದರ ಮೇಲೆ ಶಾಸನಮಾಡುವ ಅಧಿಕಾರವು ಒಂದು ಕೈಯಿಂದ ಮತ್ತೊಂದು ಕೈಗೆ ಹೋಗಿತ್ತು. ಯಾವ ಅಧಿಕಾರ ಯಾರ ಕೈಯಲ್ಲಿರಬೇಕು? ಈ ಪ್ರಶ್ನೆಗೆ ಉತ್ತರವನ್ನು ನಾವು ಭಾರತ ರಾಜ್ಯಾಂಗದ ಏಳನೆಯ ಅನುಸೂಚಿಯಲ್ಲಿ ಹುಡುಕಬೇಕು.

ಆ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ದೇಶರಕ್ಷಣೆ, ವಿದೇಶ ವ್ಯವಹಾರ, ರೈಲ್ವೆ, ನಾಣ್ಯ, ಅಂಚೆ, ಪ್ರಸಾರ ಮೊದಲಾದುವು ಒಕ್ಕೂಟದ ಪಟ್ಟಿಗೆ ಸೇರಿದುವು. ಪೋಲೀಸು, ಸಾರ್ವಜನಿಕ ಆರೋಗ್ಯ, ವ್ಯವಸಾಯ, ಭೂಮಿ, ಪುರಸಭೆಗಳು ರಾಜ್ಯಗಳ ಪಾಲಿನವು. ಅಪರಾಧದ ಕಾನೂನು, ವಿವಾಹ, ಕರಾರು, ವಿದ್ಯುಚ್ಛಕ್ತಿ ಮೊದಲಾದುವು ಇಬ್ಬರೂ ಶಾಸನಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. 1950ರಲ್ಲಿ ಈ ಪಟ್ಟಿಗಳಲ್ಲಿ ಕ್ರಮವಾಗಿ 97, 66 ಮತ್ತು 47 ಬಾಬುಗಳಿದ್ದುವು. ಮೂರರಲ್ಲಿಯೂ ಹೆಸರಿಲ್ಲದೆ ಉಳಿದ ವಿಷಯಗಳು ಪಾರ್ಲಿಮೆಂಟಿಗೆ ಸೇರತಕ್ಕವು. ಅಮೆರಿಕದಲ್ಲಿ 1791ರ ಹತ್ತನೆಯ ತಿದ್ದುಪಡಿಯು ಹೀಗೆ ಉಳಿದುದನ್ನು ರಾಜ್ಯಗಳಿಗೂ ಜನರಿಗೂ ಬಿಟ್ಟಿತು. ನಮ್ಮಲ್ಲಿ ಅದು ಕೇಂದ್ರಕ್ಕೆ ಹೋಯಿತು. ಈ ಒಂದು ಭೇದದಿಂದಲೇ ನಮ್ಮ ತಕ್ಕಡಿ ಯಾವ ಕಡೆಗೆ ತೂಗುತ್ತದೆಂಬುದನ್ನು ಊಹಿಸಬಹುದು.

ನಮ್ಮ ನಾಡಿಗೆ ಈ ಒಲವು ಅನುಭವದಿಂದಲೇ ತಿಳಿದಿದೆ. 1947ರ ಆಗಸ್ಟಿನಲ್ಲಿ ಮೈಸೂರು ಸಂಸ್ಥಾನವು ಭಾರತಕ್ಕೆ ಸೇರಿದಾಗ ಒಪ್ಪಿಸಿದುದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯಗಳನ್ನು ಮಾತ್ರ. 1949ರ ನವೆಂಬರಿನಲ್ಲಿ ಭಾರತದ ರಾಜ್ಯಾಂಗವನ್ನೇ ತನ್ನ ರಾಜ್ಯಾಂಗವೆಂದು ಸ್ವೀಕರಿಸಿದಾಗ ಆ ಮೂರರ ಸ್ಥಾನದಲ್ಲಿ ಮೂರು ಪಟ್ಟಿಗಳೇ ಬಂದುವು. ದೇಶವಿಭಜನೆಯನ್ನು ಕಂಡ ಆ ಕಾಲದಲ್ಲಿ ಬಲವಾದ ಕೇಂದ್ರವೊಂದು ಬೇಕೆಂಬ ಭಾವನೆ ಸಹಜವಾಗಿಯೇ ಇದ್ದಿತು.

ಹಾಗಾದರೆ ಬರೆದಿಟ್ಟ ಗಡಿ ಸ್ಥಿರವಾಗಿ ನಿಂತಿತೇ? ಇಲ್ಲ. ವಿದ್ಯಾಭ್ಯಾಸದ ವಿಷಯವನ್ನು ನೋಡಬಹುದು. ಮೊದಲು ಅದು ಬಹುಮಟ್ಟಿಗೆ ರಾಜ್ಯಗಳದಾಗಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ನಲವತ್ತೆರಡನೆಯ ತಿದ್ದುಪಡಿಯು ಅದನ್ನೂ ಅರಣ್ಯವನ್ನೂ ಸಮವರ್ತಿ ಪಟ್ಟಿಗೆ ಸಾಗಿಸಿತು. ಇದರ ಫಲವನ್ನು ಅರಿಯಬೇಕಾದರೆ ರಾಜ್ಯಾಂಗದ 254ನೆಯ ಅನುಚ್ಛೇದವನ್ನು ಓದಬೇಕು: ಈ ಪಟ್ಟಿಯ ವಿಷಯದಲ್ಲಿ ಇಬ್ಬರ ಶಾಸನಗಳಿಗೂ ವಿರೋಧ ಬಂದರೆ ಪಾರ್ಲಿಮೆಂಟಿನದೇ ನಿಲ್ಲತಕ್ಕದ್ದು. ರಾಷ್ಟ್ರಪತಿಗಳ ಸಮ್ಮತಿಯನ್ನು ಪಡೆದ ರಾಜ್ಯಶಾಸನ ಆ ರಾಜ್ಯದ ಮಟ್ಟಿಗೆ ಉಳಿಯಬಹುದು. ಅದನ್ನೂ ಪಾರ್ಲಿಮೆಂಟು ಮುಂದೆ ಬದಲಿಸಬಹುದು. ಆದುದರಿಂದ ಸಮವರ್ತಿ ಪಟ್ಟಿಯಲ್ಲಿ ಇಬ್ಬರಿಗೂ ಪಾಲಿದೆಯೆಂಬುದು ನಿಜ. ಪಾಲು ಸಮವೆಂಬುದು ನಿಜವಲ್ಲ.

ಇನ್ನು ಕೆಲವು ವಿಷಯಗಳನ್ನು ಯಾವ ಪಟ್ಟಿಯೂ ಪೂರ್ತಿಯಾಗಿ ಹಿಡಿದಿಡಲಾರದು. ನೀರಾವರಿಯೂ ಕಾಲುವೆಗಳೂ ರಾಜ್ಯದವು. ಆದರೆ ಅಂತರರಾಜ್ಯ ನದಿಗಳ ನಿಯಂತ್ರಣವನ್ನು ಪಾರ್ಲಿಮೆಂಟು ತನ್ನ ಕೈಗೆ ತೆಗೆದುಕೊಳ್ಳಬಹುದು. ಹರಿಯುವ ನೀರು ಪಟ್ಟಿಯ ಗೆರೆಯನ್ನು ನೋಡಿ ನಿಲ್ಲುವುದಿಲ್ಲವಷ್ಟೆ. ಕಾವೇರಿಯ ವಿಚಾರದಲ್ಲಿ 1990ರಲ್ಲಿ ನ್ಯಾಯಾಧಿಕರಣ ನೇಮಕವಾಯಿತು. 2007ರಲ್ಲಿ ಅಂತಿಮ ತೀರ್ಪು ಬಂದಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮಾರ್ಪಡಿಸಿತು. ಮಂಡ್ಯದ ರೈತನಿಗಾಗಲಿ ತಂಜಾವೂರಿನ ರೈತನಿಗಾಗಲಿ ಅಧಿಕಾರದ ಹಂಚಿಕೆಯೆಂಬುದು ಗ್ರಂಥದ ಮಾತಲ್ಲ, ಗದ್ದೆಯ ಮಾತು.

ತೆರಿಗೆಯಲ್ಲಿ ಬೇರೊಂದು ದಾರಿ ಕಾಣುತ್ತದೆ. 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಮಂಡಲಿಯಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ಭಾಗದ ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಎರಡು ಭಾಗ. ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಅಂದರೆ ರಾಜ್ಯಗಳೆಲ್ಲ ಒಂದಾದರೂ ಕೇಂದ್ರವನ್ನು ಬಿಟ್ಟು ಏನನ್ನೂ ನಿರ್ಣಯಿಸಲಾರವು. ಬಹುಪಾಲು ರಾಜ್ಯಗಳನ್ನು ಬಿಟ್ಟು ಕೇಂದ್ರವೂ ನಿರ್ಣಯಿಸಲಾರದು.

ಅಧಿಕಾರವನ್ನು ಹಂಚಿದರೆ ಸಾಲದು. ಅದನ್ನು ನಡೆಸುವ ಸರ್ಕಾರವೂ ಉಳಿಯಬೇಕು. 1989ರಲ್ಲಿ ಕರ್ನಾಟಕದ ಎಸ್. ಆರ್. ಬೊಮ್ಮಾಯಿಯವರ ಮಂತ್ರಿಮಂಡಲವು ವಜಾ ಆಯಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಆ ಮೊಕದ್ದಮೆಯಲ್ಲಿ, ಬಹುಮತದ ಪರೀಕ್ಷೆ ಶಾಸನಸಭೆಯಲ್ಲಿಯೇ ನಡೆಯತಕ್ಕದ್ದೆಂದೂ, ಒಕ್ಕೂಟತತ್ತ್ವವು ರಾಜ್ಯಾಂಗದ ಮೂಲರಚನೆಗೆ ಸೇರಿದುದೆಂದೂ ನಿರ್ಣಯಿಸಿತು. ಹೋದ ಮಂತ್ರಿಮಂಡಲ ಮರಳಿ ಬರಲಿಲ್ಲ. ಆದರೆ ಆಮೇಲೆ ಬಂದ ರಾಜ್ಯ ಸರ್ಕಾರಗಳಿಗೆಲ್ಲ ಆ ತೀರ್ಪು ಕಾವಲಾಯಿತು.

ಇಷ್ಟನ್ನೂ ಪ್ರಜೆಯಾದವನು ಏಕೆ ತಿಳಿಯಬೇಕು? ನಾವು ಎರಡು ಸರ್ಕಾರಗಳಿಗೆ ಮತ ಕೊಡುತ್ತೇವೆ. ಶಾಲೆ ಕೆಟ್ಟರೆ, ನೀರು ಬಾರದಿದ್ದರೆ, ಒಂದು ಸರ್ಕಾರ ಮತ್ತೊಂದರ ಕಡೆಗೆ ಬೆರಳು ತೋರಿಸುವುದು ಸುಲಭ. ಯಾವ ಕೆಲಸ ಯಾರದೆಂಬುದನ್ನು ಬಲ್ಲವನ ಮುಂದೆ ಆ ಬೆರಳು ಹೆಚ್ಚು ಹೊತ್ತು ನಿಲ್ಲದು.