ಆಕಾಶ ವೀಕ್ಷಣೆಗೆ ಹವೆ ಹೇಗಿರಬೇಕು?

ಕಾಸರಗೋಡು: 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ನೋಡಲು ಜಿಲ್ಲೆಯ ಚೆರುವತ್ತೂರಿನಲ್ಲಿ ಸೇರಿದ್ದ ಜನರು ಬೆಳಿಗ್ಗೆ 9.25ರ ಸುಮಾರಿಗೆ ಸೂರ್ಯ ಬಳೆಯಾದುದನ್ನು ಕಣ್ತುಂಬ ಕಂಡರು. ಅದೇ ನೆರಳಿನ ದಾರಿಯಲ್ಲಿದ್ದ ವಯನಾಡಿನ ಕಲ್ಪೆಟ್ಟದಲ್ಲಿ ಕಾದವರಿಗೆ ಮಾತ್ರ ಮೋಡ, ಮಂಜು ಅಡ್ಡವಾದವು. ಗ್ರಹಣದ ಹೊತ್ತನ್ನು ವರ್ಷಗಳ ಮೊದಲೇ ಲೆಕ್ಕ ಹಾಕಬಹುದು. ಆ ಹೊತ್ತಿನ ಮೋಡವನ್ನು ಹೇಳಲಾಗದು.

ಹವ್ಯಾಸಿ ವೀಕ್ಷಕರು ಮೋಡವನ್ನಷ್ಟೇ ಗಮನಿಸಿದರೆ ಸಾಲದು. ಗಾಳಿ ತಿಳಿಯಾಗಿದೆಯೇ, ಅಲುಗದೆ ಇದೆಯೇ ಎಂಬ ಎರಡು ಬೇರೆ ಬೇರೆ ಸಂಗತಿಗಳನ್ನೂ ನೋಡಬೇಕು.

ಮಳೆ ಬಂದು ಧೂಳು ತೊಳೆದ ಮೇಲೆ ಆಕಾಶ ತಿಳಿಯಾಗುತ್ತದೆ. ಆಕಾಶಗಂಗೆ, ನೀಹಾರಿಕೆಗಳಂಥ ಮಸುಕು ವಸ್ತುಗಳನ್ನು ನೋಡಲು ಅಂಥ ರಾತ್ರಿ ಒಳ್ಳೆಯದು. ಆದರೆ ಅಂದು ನಕ್ಷತ್ರಗಳು ಜೋರಾಗಿ ಮಿನುಗುತ್ತಿದ್ದರೆ, ಬಿಸಿ ಮತ್ತು ತಣ್ಣನೆಯ ಗಾಳಿ ಮೇಲೆ ಕಲೆಯುತ್ತಿದೆ ಎಂದರ್ಥ. ದೂರದರ್ಶಕದಲ್ಲಿ ಗುರುಗ್ರಹದ ಪಟ್ಟಿಗಳು ಹರಿಯುವ ನೀರಿನ ತಳದ ಕಲ್ಲಿನಂತೆ ನಡುಗುತ್ತವೆ. ಬದಲಾಗಿ ಸ್ವಲ್ಪ ಮಬ್ಬಿದ್ದರೂ ಗಾಳಿ ನಿಶ್ಚಲವಾಗಿರುವ ರಾತ್ರಿಯಲ್ಲಿ ಚಂದ್ರನ ಕುಳಿಗಳು, ಶನಿಯ ಬಳೆ ಚೆನ್ನಾಗಿ ಕಾಣುವುದುಂಟು.

ವಸ್ತು ಎತ್ತರಕ್ಕೆ ಏರುವವರೆಗೆ ಕಾಯುವುದು ಲೇಸು. ನೆತ್ತಿಯ ಮೇಲಿನ ನಕ್ಷತ್ರಕ್ಕಿಂತ 30 ಡಿಗ್ರಿ ಎತ್ತರದಲ್ಲಿರುವ ನಕ್ಷತ್ರದ ಬೆಳಕು ಸುಮಾರು ಎರಡು ಪಟ್ಟು ಗಾಳಿಯನ್ನು ದಾಟಿ ಬರಬೇಕಾಗುತ್ತದೆ. ದಿಗಂತದ ಅಂಚಿನಲ್ಲಾದರೆ ಇದು ಸುಮಾರು 38 ಪಟ್ಟು.

ಹಗಲೆಲ್ಲ ಕಾದ ಟೆರೇಸು, ತಗಡಿನ ಮಾಡು, ಬಂಡೆ ರಾತ್ರಿ ಬಿಸಿಯನ್ನು ಬಿಡುತ್ತವೆ. ಹುಲ್ಲಿನ ಬಯಲು ಅವಕ್ಕಿಂತ ಮೇಲು. ಮನೆಯೊಳಗಿಂದ ತಂದ ದೂರದರ್ಶಕವನ್ನು ಕನಿಷ್ಠ ಅರ್ಧ ಗಂಟೆ ಹೊರಗಿಟ್ಟು ತಣಿಯಲು ಬಿಡಬೇಕು. ಡಿಸೆಂಬರ್, ಜನವರಿಯಲ್ಲಿ ಮಸೂರದ ಮೇಲೆ ಇಬ್ಬನಿ ಕೂರುತ್ತದೆ. ಅದನ್ನು ಪಂಚೆ, ಕರವಸ್ತ್ರದಿಂದ ಒರೆಸಿದರೆ ಗೀರು ಬೀಳುತ್ತದೆ. ತಾನಾಗಿ ಆರಲು ಬಿಡಬೇಕು. ದಪ್ಪ ಕಾಗದವನ್ನು ಮಸೂರದ ಮುಂದೆ ಕೊಳವೆಯಂತೆ ಸುತ್ತಿದರೆ ಇಬ್ಬನಿ ತಡವಾಗಿ ಕೂರುತ್ತದೆ.

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಸಿಗುವುದೇ ಅಪರೂಪ. ಆಗಸ್ಟ್ ನಡುವಿನ ಪರ್ಸಿಯಿಡ್ ಉಲ್ಕಾವೃಷ್ಟಿ ಹೆಚ್ಚಾಗಿ ಮೋಡದಲ್ಲೇ ಮುಗಿಯುತ್ತದೆ. ಡಿಸೆಂಬರ್ 14ರ ಆಸುಪಾಸಿನ ಜೆಮಿನಿಡ್ ಉಲ್ಕೆಗಳಿಗೆ ಹವೆ ಅನುಕೂಲ; ಅವಕ್ಕೆ ದೂರದರ್ಶಕವೂ ಬೇಡ.

ಇನ್ನೊಂದು ಕಂಕಣ ಗ್ರಹಣ 2031ರ ಮೇ 21ರಂದು ಕೇರಳದ ದಕ್ಷಿಣ ಭಾಗ ಮತ್ತು ತಮಿಳುನಾಡನ್ನು ಹಾಯಲಿದೆ. ಕಾಸರಗೋಡಿನಲ್ಲಿ ಅದು ಪಾರ್ಶ್ವ ಗ್ರಹಣ. ಮುಂಗಾರಿಗೆ ಮುಂಚಿನ ಮೋಡಗಳ ಕಾಲವಾದ್ದರಿಂದ, ಬಳೆ ನೋಡಲು ಹೊರಡುವವರು ಒಂದೇ ಊರನ್ನು ನಂಬದೆ ಇನ್ನೊಂದು ಜಾಗವನ್ನೂ ಗುರುತಿಸಿಟ್ಟುಕೊಳ್ಳುವುದು ಒಳ್ಳೆಯದು.

ಒಂದು ಎಚ್ಚರಿಕೆ: ತೆಳು ಮೋಡದ ಮರೆಯಲ್ಲಿ ಸೂರ್ಯ ತಂಪಾಗಿ ಕಂಡರೂ ಬರಿಗಣ್ಣಿನಿಂದ ನೋಡಬಾರದು. ಮೋಡ ಕಣ್ಣಿಗೆ ರಕ್ಷಣೆಯಲ್ಲ. ಗ್ರಹಣದ ಕನ್ನಡಕ ಆಗಲೂ ಬೇಕು. ಸುಟ್ಟ ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು.